ಆಸ್ಟ್ರೋಸ್ಯಾಟ್ ಬಗ್ಗೆ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಗಳಿಗೆ ಟೆಲಿಸ್ಕೋಪ್ ಹೊತ್ತುಕೊಂಡು ಹೋಗಿ ಶನಿಯ ಬಳೆ ತೋರಿಸುವುದು ನನ್ನ ಹಳೆಯ ಚಟ. ಬಳೆ ನೋಡಿ ಆದ ಮೇಲೆ ಮಾತು ಹಬಲ್, ಜೇಮ್ಸ್ ವೆಬ್‌ನಂಥ ಬಾಹ್ಯಾಕಾಶ ಟೆಲಿಸ್ಕೋಪುಗಳ ಕಡೆ ತಿರುಗುತ್ತದೆ. "ನಮ್ಮದೂ ಒಂದು ಮೇಲಿದೆ, ಅದರ ಒಂದು ಕಣ್ಣು ಹೊಸಕೋಟೆಯಲ್ಲಿ ಜೋಡಿಸಿದ್ದು" ಅಂದರೆ ಅರ್ಧ ಜನ ನಂಬುವುದಿಲ್ಲ. ನಂಬಿದವರು ಕೇಳಿದ ಪ್ರಶ್ನೆಗಳು ಇಲ್ಲಿವೆ.

ಆಸ್ಟ್ರೋಸ್ಯಾಟ್ ಅಂದ್ರೆ ಏನು? ಯಾವಾಗ ಹೋಯ್ತು?

ನಕ್ಷತ್ರ, ಗೆಲಾಕ್ಸಿ, ಕಪ್ಪುಕುಳಿಗಳನ್ನು ನೋಡುವುದಕ್ಕೆಂದೇ ಭಾರತ ಕಳಿಸಿದ ಮೊದಲ ಬಾಹ್ಯಾಕಾಶ ವೀಕ್ಷಣಾಲಯ. 2015ರ ಸೆಪ್ಟೆಂಬರ್ 28ರ ಬೆಳಿಗ್ಗೆ 10 ಗಂಟೆಗೆ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ30 ರಾಕೆಟ್ ಅದನ್ನು ಹೊತ್ತೊಯ್ದಿತು. ತೂಕ ಸುಮಾರು ಒಂದೂವರೆ ಟನ್. 650 ಕಿ.ಮೀ. ಎತ್ತರದಲ್ಲಿ ಸುತ್ತುತ್ತದೆ. ಒಂದು ಸುತ್ತಿಗೆ ಸುಮಾರು 98 ನಿಮಿಷ.

ಟೆಲಿಸ್ಕೋಪನ್ನು ಬೆಟ್ಟದ ಮೇಲಿಟ್ಟರೆ ಸಾಲದಾ?

ಕಣ್ಣಿಗೆ ಕಾಣುವ ಬೆಳಕಿಗಾದರೆ ಸಾಕು. ಲಡಾಖ್‌ನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, ಎರಡು ಮೀಟರ್ ಅಗಲದ ಕನ್ನಡಿ ಇರುವ ಟೆಲಿಸ್ಕೋಪ್ ಇದೆ. ಅದನ್ನು ಹೊಸಕೋಟೆಯಲ್ಲಿ ಕೂತೇ ನಡೆಸುತ್ತಾರೆ.

ಎಕ್ಸ್‌-ರೇ ಮತ್ತು ಅತಿನೇರಳೆ ಬೆಳಕಿನ ಕಥೆ ಬೇರೆ. ಅವಕ್ಕೆ ನಮ್ಮ ಗಾಳಿಯೇ ಗೋಡೆ. ಅತಿನೇರಳೆಯ ಬಹುಪಾಲನ್ನು ಓಝೋನ್ ಪದರ ನುಂಗಿಬಿಡುತ್ತದೆ. ನಮ್ಮ ಚರ್ಮ ಉಳಿದಿರುವುದೇ ಅದರಿಂದ, ಹಾಗಾಗಿ ಬೈಯುವಂತಿಲ್ಲ. ಆಕಾಶದಿಂದ ಬರುವ ಎಕ್ಸ್‌-ರೇ ಕೂಡ ನೆಲದವರೆಗೆ ಇಳಿಯುವುದೇ ಇಲ್ಲ. 1962ರಲ್ಲಿ ಅಮೆರಿಕದಲ್ಲಿ ಹಾರಿಸಿದ ಒಂದು ಸಣ್ಣ ರಾಕೆಟ್ ಕೆಲವೇ ನಿಮಿಷ ಗಾಳಿಯಾಚೆ ಇಣುಕಿತು. ಅಷ್ಟರಲ್ಲೇ ಸೌರಮಂಡಲದ ಹೊರಗಿನ ಮೊದಲ ಎಕ್ಸ್‌-ರೇ ಮೂಲ ಸಿಕ್ಕಿತು: ವೃಶ್ಚಿಕ ರಾಶಿಯ ಸ್ಕಾರ್ಪಿಯಸ್ ಎಕ್ಸ್‌-1. ಭಾರತದಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ವಿಜ್ಞಾನಿಗಳು ಹೈದರಾಬಾದ್‌ನಿಂದ ದೊಡ್ಡ ದೊಡ್ಡ ಬಲೂನು ಹಾರಿಸಿ ಇದೇ ಕೆಲಸ ಮಾಡುತ್ತಿದ್ದರು. ಬಲೂನು ಕೆಲವು ಗಂಟೆ ಮೇಲಿರುತ್ತದೆ, ಆಮೇಲೆ ಇಳಿಯಲೇಬೇಕು. ವರ್ಷಗಟ್ಟಲೆ ನೋಡಬೇಕಂದರೆ ಉಪಗ್ರಹವೇ ಬೇಕು.

ಎಕ್ಸ್‌-ರೇ ಅಂದರೆ ಆಸ್ಪತ್ರೆಯದ್ದೇ ತಾನೇ? ಅದನ್ನು ನಕ್ಷತ್ರದ ಮೇಲೆ ಬಿಡ್ತಾರಾ?

ಕಿರಣ ಅದೇ, ಕೆಲಸ ಉಲ್ಟಾ. ಆಸ್ಪತ್ರೆಯಲ್ಲಿ ಯಂತ್ರ ಕಿರಣ ಬಿಡುತ್ತದೆ. ಇಲ್ಲಿ ಯಾರೂ ಏನೂ ಬಿಡುವುದಿಲ್ಲ. ಲಕ್ಷಾಂತರ, ಕೋಟ್ಯಂತರ ಡಿಗ್ರಿ ಬಿಸಿಯಾದ ವಸ್ತು ತಾನಾಗೇ ಎಕ್ಸ್‌-ರೇ ಹೊರಸೂಸುತ್ತದೆ, ನಾವು ಬಂದದ್ದನ್ನು ಹಿಡಿದುಕೊಳ್ಳುತ್ತೇವೆ ಅಷ್ಟೇ.

ಇದು "ಭಾರತದ ಹಬಲ್" ಅಂತಾರಲ್ಲ, ನಿಜಾನಾ?

ಈ ಮಾತು ಕೇಳಿದಾಗಲೆಲ್ಲ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. 2015ರಲ್ಲಿ ಸುದ್ದಿಯವರು ಹಚ್ಚಿದ ಹೆಸರು, ಇನ್ನೂ ಹೋಗಿಲ್ಲ. ಹಬಲ್‌ನ ಕನ್ನಡಿ 2.4 ಮೀಟರ್. ಆಸ್ಟ್ರೋಸ್ಯಾಟ್‌ನ ಅತಿನೇರಳೆ ಟೆಲಿಸ್ಕೋಪುಗಳ ಕನ್ನಡಿ ಸುಮಾರು 38 ಸೆಂ.ಮೀ., ಅಂದರೆ ಒಂದು ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದು. ಹೀಗೆ ಹೋಲಿಸಿದರೆ ಸೋತೆವು ಅಂತಲೇ ಅರ್ಥ, ಅಲ್ವಾ?

ಹೋಲಿಕೆಯೇ ತಪ್ಪು. ಹಬಲ್ ಒಂದು ಚಿಕ್ಕ ಜಾಗವನ್ನು ಬಹಳ ಸೂಕ್ಷ್ಮವಾಗಿ ನೋಡುತ್ತದೆ. ಅದರ ಮುಖ್ಯ ಕ್ಯಾಮೆರಾಕ್ಕೆ ಒಂದು ಸಲಕ್ಕೆ ಕಾಣುವುದು ಹುಣ್ಣಿಮೆ ಚಂದ್ರನ ಅಗಲದ ಹತ್ತನೇ ಒಂದು ಪಾಲಿನಷ್ಟು. ಆಸ್ಟ್ರೋಸ್ಯಾಟ್‌ನ ಅತಿನೇರಳೆ ಕಣ್ಣಿಗೆ ಹೆಚ್ಚುಕಮ್ಮಿ ಇಡೀ ಚಂದ್ರನಷ್ಟು ಅಗಲ ಒಮ್ಮೆಗೇ ಕಾಣುತ್ತದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಹಬಲ್‌ಗೆ ಎಕ್ಸ್‌-ರೇ ಕಾಣುವುದೇ ಇಲ್ಲ. ಆಸ್ಟ್ರೋಸ್ಯಾಟ್ ಅತಿನೇರಳೆಯನ್ನೂ ಎಕ್ಸ್‌-ರೇಯನ್ನೂ ಒಂದೇ ಕ್ಷಣದಲ್ಲಿ ನೋಡುತ್ತದೆ.

ಒಂದೇ ಕ್ಷಣದಲ್ಲಿ ನೋಡಿದರೆ ಏನು ಲಾಭ? ಬೇರೆ ಬೇರೆ ದಿನ ನೋಡಿ ಕೂಡಿಸಬಹುದಲ್ಲ?

ಆಕಾಶ ಸುಮ್ನೆ ಕೂತಿರುವುದಾದರೆ ಕೂಡಿಸಬಹುದಿತ್ತು. ಕಪ್ಪುಕುಳಿಯೊಂದು ಪಕ್ಕದ ನಕ್ಷತ್ರದ ಅನಿಲವನ್ನು ಎಳೆದುಕೊಳ್ಳುತ್ತಿದೆ ಅಂದುಕೊಳ್ಳಿ. ಆ ಅನಿಲ ಸುಳಿಯಾಗಿ ಸುತ್ತುತ್ತಾ ಒಳಗಿಳಿಯುತ್ತದೆ. ಒಳಗೆ ಹೋದಷ್ಟೂ ಬಿಸಿ ಜಾಸ್ತಿ. ಹೊರಗಿನ ಭಾಗ ಅತಿನೇರಳೆಯಲ್ಲಿ ಬೆಳಗುತ್ತದೆ, ಒಳಗಿನ ಭಾಗ ಎಕ್ಸ್‌-ರೇಯಲ್ಲಿ. ಈ ಹೊಳಪು ನಿಮಿಷಕ್ಕೊಮ್ಮೆ, ಕೆಲವೊಮ್ಮೆ ಸೆಕೆಂಡಿನೊಳಗೇ ಏರಿಳಿಯುತ್ತದೆ. ಸೋಮವಾರ ಹೊರಭಾಗ, ಗುರುವಾರ ಒಳಭಾಗ ನೋಡಿದರೆ ಯಾವುದು ಯಾವುದಕ್ಕೆ ಕಾರಣ ಅಂತ ಹೇಗೆ ಹೇಳುವುದು? ಯಕ್ಷಗಾನದಲ್ಲಿ ಇವತ್ತು ಚೆಂಡೆ ಮಾತ್ರ ಕೇಳಿ, ನಾಳೆ ಕುಣಿತ ಮಾತ್ರ ನೋಡಿದ ಹಾಗೆ ಆಗುತ್ತದೆ.

ಅದಕ್ಕೇ ನಾಲ್ಕು ಉಪಕರಣಗಳನ್ನು ಒಂದೇ ದಿಕ್ಕಿಗೆ ಮುಖ ಮಾಡಿ ಕಟ್ಟಿದ್ದಾರೆ. ಅತಿನೇರಳೆಗೆ ಯುವಿಐಟಿ, ಕಡಿಮೆ ಶಕ್ತಿಯ ಎಕ್ಸ್‌-ರೇಗೆ ಎಸ್‌ಎಕ್ಸ್‌ಟಿ, ನಡುವಿನದಕ್ಕೆ ಎಲ್‌ಎಎಕ್ಸ್‌ಪಿಸಿ, ಗಡುಸಾದದ್ದಕ್ಕೆ ಸಿಝೆಡ್‌ಟಿಐ. ಐದನೆಯದಾದ ಎಸ್‌ಎಸ್‌ಎಮ್ ಊರ ಗೂರ್ಖನ ಹಾಗೆ ಸುತ್ತಲೂ ಕಣ್ಣಾಡಿಸುತ್ತಾ ಎಲ್ಲಾದರೂ ಹೊಸ ಹೊಳಪು ಕಂಡರೆ ಎಚ್ಚರಿಸುತ್ತದೆ. ಇವುಗಳ ಜೊತೆಗೆ ಸುತ್ತಲಿನ ವಿದ್ಯುತ್ ಕಣಗಳ ಲೆಕ್ಕ ಇಡುವ ಸಣ್ಣ ಉಪಕರಣವೂ ಇದೆ.

ಎಕ್ಸ್‌-ರೇ ಎಲ್ಲವನ್ನೂ ತೂರಿಕೊಂಡು ಹೋಗುತ್ತಲ್ಲ, ಅದಕ್ಕೆ ಕನ್ನಡಿ ಹೇಗೆ ಮಾಡಿದರು?

ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದು.

ಕೆರೆಗೆ ಕಲ್ಲನ್ನು ಮೇಲಿನಿಂದ ಹಾಕಿದರೆ ಮುಳುಗುತ್ತದೆ. ಅದೇ ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿದರೆ ನೀರು ಸವರಿಕೊಂಡು ಕುಪ್ಪಳಿಸುತ್ತದೆ. ಎಕ್ಸ್‌-ರೇ ಕೂಡ ಹಾಗೇ. ಕನ್ನಡಿಗೆ ನೇರವಾಗಿ ಬಡಿದರೆ ಒಳಗೆ ಇಂಗಿಹೋಗುತ್ತದೆ. ಸವರುವಂತೆ ಬಂದರೆ ಪುಟಿಯುತ್ತದೆ. ಹಾಗಾಗಿ ಎಸ್‌ಎಕ್ಸ್‌ಟಿಯಲ್ಲಿ ಕನ್ನಡಿಗಳು ತಟ್ಟೆಯಂತಿಲ್ಲ. ಒಂದರೊಳಗೊಂದು ಕೂರಿಸಿದ ಲಾಳಿಕೆಗಳ ಹಾಗಿವೆ. ತೆಳುವಾದ ಹಾಳೆಗಳಿಗೆ ಚಿನ್ನದ ಲೇಪ ಕೊಟ್ಟು ಮಾಡಿದ್ದು. ಕಿರಣ ಎರಡು ಸಲ ಸವರಿ ಪುಟಿದು, ಎರಡು ಮೀಟರ್ ಹಿಂದಿರುವ ಕ್ಯಾಮೆರಾಕ್ಕೆ ಬೀಳುತ್ತದೆ. ಆ ಕ್ಯಾಮೆರಾ ಮಾಡಿಕೊಟ್ಟದ್ದು ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯ.

ಇನ್ನೂ ಗಡುಸಾದ ಎಕ್ಸ್‌-ರೇ ಈ ಸವರುವ ಕನ್ನಡಿಗೂ ಬಗ್ಗುವುದಿಲ್ಲ. ಅಲ್ಲಿ ಕನ್ನಡಿಯ ಆಸೆಯನ್ನೇ ಬಿಟ್ಟಿದ್ದಾರೆ. ಹಳೆ ಮನೆಯ ಜಾಲಂದ್ರದಿಂದ ಬಿಸಿಲು ಬಿದ್ದು ನೆಲದ ಮೇಲೆ ಚಿತ್ತಾರ ಮೂಡುತ್ತದಲ್ಲ, ಸೂರ್ಯ ಸರಿದಂತೆ ಚಿತ್ತಾರವೂ ಸರಿಯುತ್ತದೆ. ಚಿತ್ತಾರ ನೋಡಿಯೇ ಸೂರ್ಯ ಎಲ್ಲಿದ್ದಾನೆ ಅಂತ ಹೇಳಬಹುದು. ಸಿಝೆಡ್‌ಟಿಐ ಮಾಡುವುದು ಇದನ್ನೇ. ಲೆಕ್ಕ ಹಾಕಿ ತೂತು ಕೊರೆದ ಲೋಹದ ಹಲಗೆ ಮೇಲೆ, ಕಿರಣ ಗುರುತಿಸುವ ಹರಳು ಕೆಳಗೆ. ಬಿದ್ದ ನೆರಳಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಮೂಲ ಯಾವ ದಿಕ್ಕಿನಲ್ಲಿದೆ ಅಂತ ಹುಡುಕುತ್ತಾರೆ. ಆ ಹರಳು ಕ್ಯಾಡ್ಮಿಯಂ, ಸತು, ಟೆಲ್ಯೂರಿಯಂ ಸೇರಿದ್ದು. ಉಪಕರಣದ ಹೆಸರೂ ಅದರಿಂದಲೇ ಬಂದದ್ದು.

ಎಲ್‌ಎಎಕ್ಸ್‌ಪಿಸಿ ಚಿತ್ರ ತೆಗೆಯುವುದೇ ಇಲ್ಲ. ಝೆನಾನ್ ಅನಿಲ ತುಂಬಿದ ಮೂರು ದೊಡ್ಡ ಪೆಟ್ಟಿಗೆಗಳು. ಎಷ್ಟು ಕಿರಣ ಯಾವ ಗಳಿಗೆಯಲ್ಲಿ ಬಂತು ಅಂತ ಎಣಿಸುವುದಷ್ಟೇ ಅದರ ಕೆಲಸ. ಚಿತ್ರವಿಲ್ಲದ ಟೆಲಿಸ್ಕೋಪಾ ಅಂತ ಮೂಗು ಮುರಿಯಬೇಡಿ, ಮುಂದೆ ಓದಿ.

ಉಪಗ್ರಹ ಅಲುಗಾಡಿದರೆ ಚಿತ್ರ ಮಸುಕಾಗಲ್ವಾ?

ಅಲುಗಾಡುತ್ತದೆ, ನಿಜ. ಯುವಿಐಟಿ ಅದಕ್ಕೊಂದು ಉಪಾಯ ಮಾಡಿಕೊಂಡಿದೆ. ಅದರ ಅವಳಿ ಟೆಲಿಸ್ಕೋಪುಗಳಲ್ಲಿ ಒಂದರೊಳಗೆ ಸಾಮಾನ್ಯ ಬೆಳಕಿನ ಕ್ಯಾಮೆರಾವೂ ಇದೆ. ಅದು ಗುರುತಿನ ನಕ್ಷತ್ರಗಳ ಮೇಲೆ ಕಣ್ಣಿಟ್ಟು ಎಷ್ಟು ಸರಿದೆವು ಅಂತ ಬರೆದಿಡುತ್ತದೆ. ಅತಿನೇರಳೆ ಬೆಳಕಿನ ಒಂದೊಂದು ಕಣವೂ ಬಿದ್ದ ಹೊತ್ತು, ಜಾಗ ಎರಡೂ ದಾಖಲಾಗಿರುತ್ತದೆ. ನೆಲಕ್ಕೆ ಬಂದ ಮೇಲೆ ಕಂಪ್ಯೂಟರಿನಲ್ಲಿ ಅಷ್ಟಷ್ಟೇ ಹಿಂದಕ್ಕೆ ಸರಿಸಿ ಕೂಡಿಸುತ್ತಾರೆ. ಹೀಗೆ ಮಾಡಿದ ಚಿತ್ರ, ನಾಸಾದ ಹಿಂದಿನ ಅತಿನೇರಳೆ ಟೆಲಿಸ್ಕೋಪ್ ಗ್ಯಾಲೆಕ್ಸ್ ಕೊಟ್ಟದ್ದಕ್ಕಿಂತ ಸುಮಾರು ಮೂರು ಪಟ್ಟು ಚುರುಕು.

ಕರ್ನಾಟಕದವರ ಪಾಲೇನು?

ಬಹಳ ಇದೆ, ಆದರೆ "ಬೆಂಗಳೂರಿನ ಉಪಗ್ರಹ" ಅಂತ ಎದೆ ತಟ್ಟಿಕೊಳ್ಳುವುದು ಅನ್ಯಾಯ. ಎಸ್‌ಎಕ್ಸ್‌ಟಿ, ಎಲ್‌ಎಎಕ್ಸ್‌ಪಿಸಿ, ಸಿಝೆಡ್‌ಟಿಐ ಮೂರರಲ್ಲೂ ಮುಂಬೈನ ಟಿಐಎಫ್‌ಆರ್‌ನದ್ದು ದೊಡ್ಡ ಕೈ. ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾ, ಕೆನಡಾದ ಬಾಹ್ಯಾಕಾಶ ಸಂಸ್ಥೆ ಎಲ್ಲರೂ ಸೇರಿ ಮಾಡಿದ್ದು.

ಬೆಂಗಳೂರಿನ ಪಾಲು ಹೀಗಿದೆ. ಉಪಗ್ರಹ ಕಟ್ಟಿದ್ದು ಇಸ್ರೋದ ಬೆಂಗಳೂರು ಕೇಂದ್ರ, ಈಗಿನ ಹೆಸರು ಯು.ಆರ್. ರಾವ್ ಉಪಗ್ರಹ ಕೇಂದ್ರ. ಯುವಿಐಟಿಯ ಮುಂದಾಳತ್ವ ಕೋರಮಂಗಲದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯದ್ದು (ಐಐಎ). ಜೋಡಿಸಿದ್ದು ಹೊಸಕೋಟೆಯ ಅದರ ಕ್ಯಾಂಪಸ್‌ನಲ್ಲಿ, ಎಂ.ಜಿ.ಕೆ. ಮೆನನ್ ಹೆಸರಿನ ಪ್ರಯೋಗಾಲಯದಲ್ಲಿ. ಅತಿನೇರಳೆಗೆ ಕೊಳೆ ಅಂದರೆ ಆಗದು. ಕನ್ನಡಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಎಣ್ಣೆ ಪಸೆ ಕೂತರೂ ಬೆಳಕು ಅಲ್ಲೇ ಸಾಯುತ್ತದೆ. ಅದಕ್ಕಾಗಿ ಗಾಳಿಯನ್ನೂ ಸೋಸಿದ ಕೋಣೆಯಲ್ಲಿ, ಮೈಯೆಲ್ಲ ಮುಚ್ಚಿಕೊಂಡು ಕೆಲಸ. ಈಗ ಉಪಗ್ರಹಕ್ಕೆ ಆಜ್ಞೆ ಹೋಗುವುದು ಪೀಣ್ಯದಲ್ಲಿರುವ ಇಸ್ರೋದ ನಿಯಂತ್ರಣ ಕೇಂದ್ರ ಇಸ್ಟ್ರಾಕ್‌ನಿಂದ. ಮಾಹಿತಿ ಬಂದು ಸೇರುವುದು ಬ್ಯಾಲಾಳು ಗ್ರಾಮದ ದತ್ತಾಂಶ ಕೇಂದ್ರಕ್ಕೆ.

ಅದು ಭೂಮಧ್ಯರೇಖೆಯ ಹತ್ತಿರವೇ ಸುತ್ತುವುದು ಯಾಕೆ?

ದಕ್ಷಿಣ ಅಟ್ಲಾಂಟಿಕ್ ಸಾಗರದ ಮೇಲೆ ಭೂಮಿಯ ಕಾಂತಬಲ ಸೊರಗಿದ ಒಂದು ಜಾಗ ಇದೆ. ವಿದ್ಯುತ್ ಕಣಗಳು ಅಲ್ಲಿ ತುಂಬ ಕೆಳಗೆ ಇಳಿಯುತ್ತವೆ. ಎಕ್ಸ್‌-ರೇ ಉಪಕರಣ ಅದರೊಳಗೆ ಹೊಕ್ಕರೆ ಬರೀ ಗದ್ದಲ, ಕೆಟ್ಟುಹೋಗುವ ಭಯ ಬೇರೆ. ಕಕ್ಷೆಯನ್ನು ಕೇವಲ 6 ಡಿಗ್ರಿ ಓರೆ ಮಾಡಿದ್ದರಿಂದ ಆ ಜಾಗದ ಅಂಚು ಮಾತ್ರ ತಾಗುತ್ತದೆ. ಕಣಗಳ ಲೆಕ್ಕ ಇಡುವ ಉಪಕರಣ ಇರುವುದೂ ಇದಕ್ಕೇ.

ಸರಿ, ಇಷ್ಟೆಲ್ಲ ಮಾಡಿ ಕಂಡುಹಿಡಿದದ್ದೇನು?

ಎಲ್ಲ ಹೇಳಿದರೆ ರಾತ್ರಿಯಾಗುತ್ತದೆ. ನನಗೆ ಹಿಡಿಸಿದ ಕೆಲವನ್ನು ಹೇಳುತ್ತೇನೆ.

ಎನ್‌ಜಿಸಿ 188 ಅಂತ ಒಂದು ಬಹಳ ಹಳೆಯ ನಕ್ಷತ್ರಗುಚ್ಛ ಇದೆ. ಅಲ್ಲಿನ ನಕ್ಷತ್ರಗಳೆಲ್ಲ ಒಂದೇ ವಯಸ್ಸಿನವು, ಮುದುಕರು. ನಡುವೆ ಕೆಲವು ಮಾತ್ರ ನೀಲಿಯಾಗಿ, ಹರೆಯದವರಂತೆ ಹೊಳೆಯುತ್ತವೆ. ಇದು ಹೇಗೆ? ಪಕ್ಕದ ಜೊತೆಗಾರನಿಂದ ಅನಿಲ ಕಿತ್ತು ತಿಂದು ಕೊಬ್ಬಿದ್ದಾವೆ ಅನ್ನುವುದು ಒಂದು ವಾದ. 2016ರಲ್ಲಿ ಅನ್ನಪೂರ್ಣಿ ಸುಬ್ರಮಣಿಯಂ ಅವರ ತಂಡ ಯುವಿಐಟಿಯಿಂದ ನೋಡಿದಾಗ, ಅಂಥ ಒಂದು ನಕ್ಷತ್ರದ ಮಗ್ಗುಲಲ್ಲಿ ಬಿಸಿಯಾದ ಜೊತೆಗಾರ ಸಿಕ್ಕಿಬಿದ್ದ. ಸಾಮಾನ್ಯ ಬೆಳಕಿನಲ್ಲಿ ಅವನು ಪಕ್ಕದವನ ಹೊಳಪಿನಲ್ಲಿ ಮರೆಯಾಗಿದ್ದ. ಅತಿನೇರಳೆಯಲ್ಲಿ ಮುಚ್ಚಿಟ್ಟುಕೊಳ್ಳಲು ಆಗಲಿಲ್ಲ.

ಎರಡನೆಯದು ಏಡಿ ನೀಹಾರಿಕೆ. 1054ರಲ್ಲಿ ಚೀನಾದವರು ಹಗಲಲ್ಲೇ ಕಂಡ ನಕ್ಷತ್ರಸ್ಫೋಟದ ಅವಶೇಷ. ನಡುವೆ ಇರುವ ನ್ಯೂಟ್ರಾನ್ ನಕ್ಷತ್ರ, ಅಂದರೆ ಸ್ಫೋಟದ ಮೇಲೆ ಉಳಿದ ಗಟ್ಟಿ ತಿರುಳು, ಸೆಕೆಂಡಿಗೆ ಸುಮಾರು 30 ಸಲ ಗಿರಗಿರ ತಿರುಗುತ್ತದೆ. ತಿರುಗಿದಂತೆಲ್ಲ ಅದರ ಹೊಳಪು ಮಿಡಿಯುತ್ತದೆ. ಬೆಳಕಿನ ಅಲೆ ಯಾವ ದಿಕ್ಕಿನಲ್ಲಿ ತೊನೆಯುತ್ತದೆ ಅನ್ನುವುದನ್ನು ಧ್ರುವೀಕರಣ ಅನ್ನುತ್ತಾರೆ. ಗಡುಸು ಎಕ್ಸ್‌-ರೇಯಲ್ಲಿ ಇದನ್ನು ಅಳೆಯುವುದು ಕಷ್ಟದ ಕೆಲಸ. ಒಂದು ಹರಳಿನಲ್ಲಿ ಬಡಿದ ಕಿರಣ ಪಕ್ಕದ ಹರಳಿಗೆ ಯಾವ ಕಡೆ ಚಿಮ್ಮಿತು ಅಂತ ಎಣಿಸಿ ಸಿಝೆಡ್‌ಟಿಐ ತಂಡ ಅದನ್ನು ಅಳೆಯಿತು. 2017ರಲ್ಲಿ ಬಂದ ಫಲಿತಾಂಶದಲ್ಲಿ ಒಂದು ತಿರುವು ಇತ್ತು. ಮಿಡಿತದ ಹೊತ್ತಿನಲ್ಲಲ್ಲ, ಎರಡು ಮಿಡಿತಗಳ ನಡುವೆ ನಕ್ಷತ್ರ ಸುಮ್ಮನಿದೆ ಅಂದುಕೊಂಡ ಹೊತ್ತಿನಲ್ಲೇ ಧ್ರುವೀಕರಣ ಏರುಪೇರಾಗುತ್ತಿತ್ತು. ಹೀಗಾಗುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ.

ಚಿತ್ರವಿಲ್ಲದ ಎಲ್‌ಎಎಕ್ಸ್‌ಪಿಸಿಗೆ ಈಗ ಬರೋಣ. ಜಿಆರ್‌ಎಸ್ 1915+105 ಅನ್ನುವ ಕಪ್ಪುಕುಳಿ ಒಂದು ಪಕ್ಕಾ ತಲೆತಿರುಕ. ಅದರ ಎಕ್ಸ್‌-ರೇ ಹತ್ತಾರು ಬಗೆಯಲ್ಲಿ ಏರಿಳಿಯುತ್ತದೆ. ಆ ಏರಿಳಿತದೊಳಗೆ ಸೆಕೆಂಡಿಗೆ ಸುಮಾರು 70 ಸಲದ ಸಣ್ಣ ನಡುಕ ಅಡಗಿದೆ. ಮೊದಲು ಕಂಡದ್ದು ಅಮೆರಿಕದ ಆರ್‌ಎಕ್ಸ್‌ಟಿಇ. ಆ ಉಪಗ್ರಹ 2012ರಲ್ಲಿ ನಿವೃತ್ತಿಯಾದ ಮೇಲೆ ಇಂಥದ್ದನ್ನು ಹಿಂಬಾಲಿಸಲು ದೊಡ್ಡ ಪೆಟ್ಟಿಗೆಯ ಎಣಿಕೆಗಾರ ಬೇಕಿತ್ತು. ಎಲ್‌ಎಎಕ್ಸ್‌ಪಿಸಿ ಆ ಜಾಗ ತುಂಬಿತು. ಅಷ್ಟು ವೇಗದ ನಡುಕ ಹುಟ್ಟುವುದು ಕಪ್ಪುಕುಳಿಯ ಹೊಸ್ತಿಲಲ್ಲೇ. ಅಲ್ಲಿನ ಚಿತ್ರ ತೆಗೆಯಲು ನಮ್ಮ ಕೈಲಾಗುವುದಿಲ್ಲ, ಲಯ ಹಿಡಿಯಬಹುದು.

ಕೊನೆಯದಾಗಿ, ಪೇಪರಿನಲ್ಲೂ ಬಂದಿದ್ದ 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿ. 2016ರ ಅಕ್ಟೋಬರ್‌ನಲ್ಲಿ ಒಂದು ತುಣುಕು ಆಕಾಶವನ್ನು ಯುವಿಐಟಿ 28 ಗಂಟೆ ದಿಟ್ಟಿಸಿತು. ಹಬಲ್ ಮೊದಲೇ ಅಗೆದು ನೋಡಿದ್ದ ಜಾಗ ಅದು. ಐಯುಕಾದ ಕನಕ್ ಸಹಾ ಅವರ ತಂಡ ಅದರಲ್ಲಿ ಆ ಗೆಲಾಕ್ಸಿಯಿಂದ ತಪ್ಪಿಸಿಕೊಂಡು ಬಂದ ತೀವ್ರ ಅತಿನೇರಳೆ ಬೆಳಕನ್ನು ಕಂಡಿತು. ಪ್ರಕಟವಾದದ್ದು 2020ರ ಆಗಸ್ಟ್‌ನಲ್ಲಿ, ಅಂದರೆ ನಾಲ್ಕು ವರ್ಷ ಹತ್ತಿರ ಹತ್ತಿರ. ಆ ಬೆಳಕನ್ನು ಸಾಮಾನ್ಯವಾಗಿ ಹೈಡ್ರೋಜನ್ ನುಂಗಿಬಿಡುತ್ತದೆ. ವಿಶ್ವದ ಬಾಲ್ಯದಲ್ಲಿ ಕವಿದಿದ್ದ ಕತ್ತಲೆ ಹೇಗೆ ಸರಿಯಿತು ಅನ್ನುವುದಕ್ಕೆ ಇಂಥ ಗೆಲಾಕ್ಸಿಗಳೇ ಸುಳಿವು. ಹಬಲ್‌ನ ಕನ್ನಡಿ ದೊಡ್ಡದು, ಆದರೆ ಯುವಿಐಟಿಯ ಕ್ಯಾಮೆರಾದಲ್ಲಿ ಗದ್ದಲ ತೀರಾ ಕಡಿಮೆ. ಪಿಸುಮಾತು ಕೇಳಲು ದೊಡ್ಡ ಕಿವಿಗಿಂತ ನಿಶ್ಶಬ್ದ ಕೋಣೆ ಮೇಲು.

ಸ್ಫೋಟಗಳನ್ನೂ ಹಿಡಿಯುತ್ತೆ ಅಂತ ಓದಿದ್ದೆ?

ಹೌದು, ಗಾಮಾ ಕಿರಣ ಸ್ಫೋಟಗಳು. ಗಾಮಾ ಕಿರಣ ಅಂದರೆ ಎಕ್ಸ್‌-ರೇಗಿಂತಲೂ ಹೆಚ್ಚು ಶಕ್ತಿಯದ್ದು. ಸಿಝೆಡ್‌ಟಿಐ ಇಂಥವನ್ನು ಆರುನೂರಕ್ಕೂ ಜಾಸ್ತಿ ಹಿಡಿದಿದೆ. ಅಷ್ಟು ಶಕ್ತಿಯ ಕಿರಣಕ್ಕೆ ಉಪಕರಣದ ಗೋಡೆಗಳೇ ಗಾಜಿನಂತೆ, ಆದ್ದರಿಂದ ಬೆನ್ನ ಹಿಂದೆ ಆದದ್ದೂ ಗೊತ್ತಾಗುತ್ತದೆ.

2017ರ ಜನವರಿ 4ರಂದು ಅಮೆರಿಕದ ಲೈಗೋ ವೀಕ್ಷಣಾಲಯ ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದ ಗುರುತ್ವದ ಅಲೆಯನ್ನು ಹಿಡಿಯಿತು. ಹವಾಯಿಯ ಅಟ್ಲಾಸ್ ಟೆಲಿಸ್ಕೋಪ್ ಅದೇ ದಿಕ್ಕಿನಲ್ಲಿ ಬೇಗ ಬೇಗ ಆರುತ್ತಿದ್ದ ಹೊಳಪೊಂದನ್ನು ಕಂಡಿತು. ಎರಡಕ್ಕೂ ನಂಟಿದ್ದರೆ ದೊಡ್ಡ ಸುದ್ದಿ. ಆಸ್ಟ್ರೋಸ್ಯಾಟ್ ತಂಡ ದಾಖಲೆ ತೆಗೆದು ನೋಡಿತು. ಡಿಕ್ಕಿಯ ಗಳಿಗೆಯಲ್ಲಿ ಏನೂ ಇಲ್ಲ. ಸುಮಾರು 21 ಗಂಟೆ ಕಳೆದ ಮೇಲೆ ಬೇರೆಯೇ ಒಂದು ಗಾಮಾ ಸ್ಫೋಟ ಇದೆ. ಹೊಳಪು ಅದರದ್ದು. ನೆಂಟಸ್ತಿಕೆ ಮುರಿದುಬಿತ್ತು. "ಏನೂ ಕಾಣಲಿಲ್ಲ" ಅನ್ನುವುದೂ ಫಲಿತಾಂಶವೇ ಅಂತ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಏನೂ ಕೆಟ್ಟಿಲ್ವಾ?

ಕೆಟ್ಟಿದೆ. ಯುವಿಐಟಿಯ ಎರಡು ಅತಿನೇರಳೆ ಕ್ಯಾಮೆರಾಗಳಲ್ಲಿ ಒಂದು 2018ರಲ್ಲಿ ನಿಂತುಹೋಯಿತು. ಎಲ್‌ಎಎಕ್ಸ್‌ಪಿಸಿಯ ಮೂರು ಪೆಟ್ಟಿಗೆಗಳಲ್ಲಿ ಒಂದರಿಂದ ಅನಿಲ ಸೋರಿ, ಅದೇ ವರ್ಷ ಆರಿಸಬೇಕಾಯಿತು. ಹಬಲ್‌ಗೆ 1993ರಲ್ಲಿ ಗಗನಯಾತ್ರಿಗಳು ಹೋಗಿ ರಿಪೇರಿ ಮಾಡಿದ ಹಾಗೆ ಇಲ್ಲಿ ಹೋಗಲು ಆಗುವುದಿಲ್ಲ. ಆದರೂ ಐದು ವರ್ಷ ಬಾಳಲಿ ಅಂತ ಕಟ್ಟಿದ್ದು 2025ರ ಸೆಪ್ಟೆಂಬರ್‌ಗೆ ಹತ್ತು ವರ್ಷ ದಾಟಿತು.

ಚಿತ್ರಗಳ ಬಣ್ಣ ನಿಜವಾದದ್ದಾ?

ಅಲ್ಲ. ಅತಿನೇರಳೆಗೆ ನಮ್ಮ ಕಣ್ಣಿನಲ್ಲಿ ಬಣ್ಣವೇ ಇಲ್ಲ. ನಮಗೆ ಅರ್ಥವಾಗಲಿ ಅಂತ ಹಚ್ಚಿದ್ದು. ಹಬಲ್, ವೆಬ್ ಚಿತ್ರಗಳಲ್ಲೂ ಬಣ್ಣ ಆಮೇಲೆ ಸೇರಿಸಿದ್ದೇ.

ಖರ್ಚೆಷ್ಟು? ನಮಗೇನು ಉಪಯೋಗ?

ಸುಮಾರು 178 ಕೋಟಿ ರೂಪಾಯಿ. ಜೇಮ್ಸ್ ವೆಬ್‌ಗೆ ಆದದ್ದು ಸುಮಾರು 1,000 ಕೋಟಿ ಡಾಲರ್, ರೂಪಾಯಿ ಅಲ್ಲ. ಉಪಯೋಗದ ವಿಷಯಕ್ಕೆ ಬಂದರೆ, ಈ ಗೆಲಾಕ್ಸಿಯಿಂದ ಅಕ್ಕಿ ಬೆಲೆ ಇಳಿಯುವುದಿಲ್ಲ. ಗಾಳಿಯಿಲ್ಲದ ಜಾಗಕ್ಕೆ ಕನ್ನಡಿ ಮಾಡುವುದು, ಒಂದೊಂದೇ ಬೆಳಕಿನ ಕಣ ಎಣಿಸುವುದು ನಮ್ಮವರಿಗೆ ಕೈಗೂಡಿತು. ಅದು ಪುಸ್ತಕ ಓದಿ ಬರುವುದಲ್ಲ.

ಇದಕ್ಕೂ ಆರ್ಯಭಟ ಉಪಗ್ರಹಕ್ಕೂ ಸಂಬಂಧ ಇದೆಯಾ?

ಇದೆ. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿದ ಆರ್ಯಭಟದಲ್ಲಿ ಎಕ್ಸ್‌-ರೇ ಖಗೋಳದ ಪ್ರಯೋಗ ಇತ್ತು. ಪೀಣ್ಯದ ಶೆಡ್ಡುಗಳಲ್ಲಿ ಅದನ್ನು ಕಟ್ಟಿಸಿದವರು ಉಡುಪಿ ಬಳಿಯ ಅದಮಾರಿನವರಾದ ಯು.ಆರ್. ರಾವ್. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೈಕೊಟ್ಟು ಪ್ರಯೋಗಗಳು ನಿಂತವು. ಬಾಕಿ ಉಳಿದ ಆ ಕೆಲಸ ಪೂರ್ತಿ ವೀಕ್ಷಣಾಲಯವಾಗಿ ಮೇಲೇರಲು 40 ವರ್ಷ ಹಿಡಿಯಿತು.

ಮುಂದೇನು?

ಎಕ್ಸ್‌-ರೇ ನೋಡುವ ಇನ್ನೊಂದು ಉಪಗ್ರಹ ಎಕ್ಸ್‌ಪೋಸ್ಯಾಟ್ 2024ರ ಜನವರಿ 1ರಂದೇ ಹೋಯಿತು. ಧ್ರುವೀಕರಣ ಅಳೆಯುವುದೇ ಅದರ ಮುಖ್ಯ ಕೆಲಸ. ಅದರ ಪೋಲಿಕ್ಸ್ ಉಪಕರಣ ಮಾಡಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ಆದಿತ್ಯ-ಎಲ್1 ಸೂರ್ಯನನ್ನು ಮಾತ್ರ ನೋಡುತ್ತದೆ. ಅದರ ದೊಡ್ಡ ಉಪಕರಣ ವಿಇಎಲ್‌ಸಿ ಕೂಡ ಹೊಸಕೋಟೆಯದ್ದೇ. ಇನ್ಸಿಸ್ಟ್ ಅನ್ನುವ ಇನ್ನೂ ದೊಡ್ಡ ಅತಿನೇರಳೆ ಟೆಲಿಸ್ಕೋಪಿನ ಪ್ರಸ್ತಾಪ ಇದೆ. ಅದು ಬೇಗ ಆಗಲಿ ಅನ್ನುವುದು ನನ್ನ ಆಸೆ.

ಮಾಹಿತಿಯನ್ನು ಯಾರು ಬೇಕಾದರೂ ನೋಡಬಹುದಾ?

ನೋಡಬಹುದು. ಕೇಳಿಕೊಂಡ ವಿಜ್ಞಾನಿಗೆ ಸ್ವಲ್ಪ ಕಾಲ ಮೀಸಲಿಟ್ಟು, ಆಮೇಲೆ ಎಲ್ಲರಿಗೂ ತೆರೆಯುತ್ತಾರೆ. 2018ರ ಸೆಪ್ಟೆಂಬರ್‌ನಿಂದ ಇಸ್ರೋದ ದತ್ತಾಂಶ ಕೇಂದ್ರದ ಜಾಲತಾಣದಲ್ಲಿ ಸಿಗುತ್ತಿದೆ. ಹೆಸರು ನೋಂದಾಯಿಸಿ ಇಳಿಸಿಕೊಳ್ಳಿ. ಫೋಟೋ ಸಿಗುತ್ತದೆ ಅಂದುಕೊಂಡು ಹೋಗಬೇಡಿ, ಸಿಗುವುದು ಅಂಕಿಗಳ ಕಡತ. ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಸ್ವಲ್ಪ ಬಂದರೆ ಅನುಕೂಲ.

ನನ್ನ ಮಗಳು ಇದನ್ನೇ ಓದಬೇಕು ಅಂತಾಳೆ. ಏನು ಮಾಡಿಸಲಿ?

ಮೊದಲು ಭೌತಶಾಸ್ತ್ರ ಮತ್ತು ಗಣಿತ ಗಟ್ಟಿಯಾಗಲಿ. ಪದವಿಯಲ್ಲಿ ಖಗೋಳ ಅಂತ ಬೇರೆ ವಿಷಯ ಇಲ್ಲದಿದ್ದರೂ ಪರವಾಗಿಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಜಂಟಿ ಖಗೋಳ ಕಾರ್ಯಕ್ರಮ ಇದೆ. ಐಐಎ, ರಾಮನ್ ಸಂಸ್ಥೆ, ಪುಣೆಯ ಐಯುಕಾ, ಮುಂಬೈನ ಟಿಐಎಫ್‌ಆರ್‌ಗಳಲ್ಲಿ ಪಿಎಚ್‌ಡಿ ಮಾಡಬಹುದು. ಎಂಜಿನಿಯರಿಂಗ್ ಓದಿದವರಿಗೂ ಕೆಲಸ ಇದೆ, ಉಪಕರಣ ಕಟ್ಟುವವರು ಬೇಕಲ್ಲ. ಸದ್ಯಕ್ಕೆ, ಫೆಬ್ರುವರಿ 28ರ ವಿಜ್ಞಾನ ದಿನದ ಸುಮಾರಿಗೆ ಬೆಂಗಳೂರಿನ ಕೆಲವು ಸಂಸ್ಥೆಗಳು ಜನರಿಗೆ ಬಾಗಿಲು ತೆರೆಯುತ್ತವೆ. ಕರೆದುಕೊಂಡು ಹೋಗಿ, ಅವಳೇ ಕೇಳಲಿ. ಚಿತ್ರಾನ್ನ ಕಟ್ಟಿಕೊಂಡು ಹೋದರೆ ಒಳ್ಳೆಯದು, ಸಾಲು ಉದ್ದ ಇರುತ್ತದೆ.